ಪೋಸ್ಟಾಫೀಸಿನ ಹಿಂದಿನ ಬಾಗಿಲು

ಗೋಡೆಯ ಈಚೆ ಅವ್ವ, ಆಯಿ, ನಾನು. ಆಚೆ ಅಪ್ಪ, ಹಸನಸಾಬ ಮತ್ತು ಸರಕಾರ. ಪೋಸ್ಟಾಫೀಸಿನ ಬೆನ್ನಿಗೆ ಅಂಟಿಕೊಂಡಿದ್ದ ಆ ಮನೆಯ ಯಾವ ಮುಂಜಾನೆಯನ್ನು ನೆನೆದರೂ ನಾವು ಹೀಗೇ ಕೂತಿರುತ್ತೇವೆ. ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಾಳೆ. ಅಪ್ಪನ ತಾಯಿ, ನಮ್ಮ ಆಯಿ, ನಡುಬಾಗಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿದ್ದಾಳೆ. ಅವಳ ಕಾಲ ಬದಿಯಲ್ಲಿ ಪಾಟಿ ಹಿಡಿದು ನಾನು. ಆ ಬಾಗಿಲ ಆಚೆ ಪೋಸ್ಟ್‌ಮಾಸ್ತರನಾದ ಅಪ್ಪ ಕುರ್ಚಿಯಲ್ಲಿ ಕೂತಿದ್ದರೆ, ಟಪಾಲು ಹಂಚುವ ಹಸನಸಾಬ ಹೊರಡುವ ಮೊದಲು ಕಾಗದಗಳಿಗೆ ಸಿಕ್ಕಾ ಹೊಡೆಯುತ್ತಿರುತ್ತಾನೆ. ಈಚೆ ರೊಟ್ಟಿಯ ಸಪ್ಪಳ, ಆಚೆ ಸಿಕ್ಕಾದ ಸಪ್ಪಳ. ನಡುವಿನ ಗೋಡೆ ಹೆಂಚಿನವರೆಗೆ ಮುಟ್ಟಿರಲಿಲ್ಲ. ಮೇಲೆ ಬಿಟ್ಟಿದ್ದ ಸಂದಿಗೆ ಕಬ್ಬಿಣದ ಸಳಿ ಕೂಡಿಸಿದ್ದರು. ಹಾಗಾಗಿ ನಮ್ಮ ಒಗ್ಗರಣೆಯ ಘಾಟು ಕಚೇರಿಗೆ ಹೋಗುತ್ತಿತ್ತು, ಕಚೇರಿಯ ಅರಗಿನ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಮಾತಂತೂ ಎರಡೂ ಕಡೆ ಓಡಾಡುತ್ತಿತ್ತು.

"ಹಸನಸಾಬಾ, ಸಾವಕಾಶ ಬಡಿಯಪಾ. ನಿನ್ನ ಸಿಕ್ಕಾದ ಹೊಡತಕ್ಕ ನಮ್ಮ ರೊಟ್ಟಿ ಹರಿಯಾಕತ್ತಾವ."

"ನಿಮ್ಮ ಸೊಸಿಗೆ ಹೇಳ್ರಿ ಆಯಿ. ಆಕಿ ಬಡಿಯೂದಕ್ಕ ನನ್ನ ತಾರೀಖ ಸೊಟ್ಟ ಬೀಳಾಕತ್ತಾವ."

ಆಗ ಅಪ್ಪ ಒಮ್ಮೆ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಹಸನಸಾಬನೂ ಸುಮ್ಮನೆ, ಆಯಿಯೂ ಸುಮ್ಮನೆ. ಅವ್ವ ಮಾತ್ರ ಬಡಿಯುತ್ತಲೇ ಇರುತ್ತಿದ್ದಳು, ಹಿಟ್ಟು ಕೆಮ್ಮಿಗೆ ಕಾಯುವುದಿಲ್ಲವಲ್ಲ. ನಾನು ಮಾತು ಕಲಿತದ್ದು ಆಯಿಯಿಂದ, ಮಾತು ನುಂಗುವುದನ್ನು ಕಲಿತದ್ದು ಅಪ್ಪನಿಂದ. ಎರಡನ್ನೂ ಕಲಿತದ್ದು ಆ ಒಂದೇ ಗೋಡೆಯ ಬುಡದಲ್ಲಿ.

ಊರು ಸಿಂದಗಿಯ ಕಡೆಯದು, ಹೆಸರು ಬೇಡ. ಕಟ್ಟಡ ಇಂಗ್ಲಿಷರ ಕಾಲದ್ದು. ಕಟ್ಟಿಸಿದ ಸಾಹೇಬ ಯಾರೋ ಗೊತ್ತಿಲ್ಲ, ಅವನು ಮುಂದೆ ನಿಂತು ನೋಡುವವರಿಗಾಗಿಯೇ ಕಟ್ಟಿಸಿದ್ದ ಅನ್ನುವುದು ಮಾತ್ರ ಖರೆ. ರಸ್ತೆಯ ಕಡೆ ಕರಿಕಲ್ಲಿನ ಮೂರು ಕಮಾನು, ಗಚ್ಚಿನ ಗಿಲಾವು, ಅಗಲವಾದ ಮೆಟ್ಟಿಲು. ಒಳಗೆ ಕಾಲಿಟ್ಟರೆ ಗುಡಿಯಷ್ಟು ಎತ್ತರದ ಪಡಸಾಲೆ. ಬೇಸಿಗೆಯಲ್ಲೂ ಅಂಗಾಲಿಗೆ ತಂಪು ಹತ್ತುವ ಶಹಾಬಾದಿ ಫರಸಿ. ಮೇಲೆ ಹಗ್ಗ ಎಳೆದರೆ ತೆರೆದುಕೊಳ್ಳುವ ಬೆಳಕಿಂಡಿ. ಮಂದಿ ಬಂದು ನಿಲ್ಲುವಲ್ಲಿ ಅಡ್ಡಕ್ಕೆ ಸಾಗವಾನಿ ಕಟಾಂಜನ, ಅದರ ಮೇಲೆ ಹಿತ್ತಾಳೆ ಸಳಿ. ಜನರ ಕೈ ಆಡಿ ಆಡಿ ಆ ಸಳಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ನೆಲಕ್ಕೆ ಬಿಗಿದ ತಿಜೋರಿ. ಇಷ್ಟೆಲ್ಲ ಕಚೇರಿಯದು. ಇಡೀ ಕಟ್ಟಡಕ್ಕೆ ಛಾವಣಿ ಒಂದೇ. ಮುಂದೆ ಆಕಾಶಕ್ಕೆ ಎದ್ದು ನಿಂತದ್ದು ಹಿಂದಕ್ಕೆ ಜಾರುತ್ತ ಜಾರುತ್ತ ಬಂದು ನಮ್ಮ ನಡುಮನೆಯ ಮೇಲೆ ಸಾಧಾರಣ ಎತ್ತರಕ್ಕೆ ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಅವ್ವ ಕೈ ಎತ್ತಿದರೆ ತೊಲೆ ಸಿಗುತ್ತಿತ್ತು. ಎಲ್ಲಕ್ಕಿಂತ ತಗ್ಗಿನಲ್ಲಿ ಹಿಂದಿನ ಬಾಗಿಲು. ನಮಗೆ ಹೋಗಿಬರುವುದಕ್ಕೆ ಅದೊಂದೇ ಬಾಗಿಲು, ಅದರ ಮೇಲೆ ಅಡ್ಡ ಹಾಕಿದ್ದ ಹಾಸಗಲ್ಲಿಗೆ ತಲೆ ಬಗ್ಗಿಸದೆ ದೊಡ್ಡವರು ಯಾರೂ ದಾಟುವಂತಿರಲಿಲ್ಲ. ಆಯಿ ಆ ಕಟ್ಟಡವನ್ನು ಮಗ್ಗುಲಿನಿಂದ ನೋಡಿ ಬಂದು ಹೇಳಿದ್ದಳು:

"ಕುಂತ ನಾಯಿ ಇದ್ದಂಗೈತಿ ನೋಡವ್ವ ಇದು. ಮುಂದ ಎದಿ ಎತ್ಕೊಂಡು ಕುಂತೈತಿ. ನಾವು ಬಾಲದ ಬುಡಕ ಅದೇವಿ."

ಕಚೇರಿಗೂ ಮನೆಗೂ ನಡುವೆ ಬಾಗಿಲು ಇರಲಿಲ್ಲ ಅಂತಲ್ಲ. ಆಯಿ ಬೆನ್ನು ಕೊಡುತ್ತಿದ್ದ ನಡುಬಾಗಿಲು ಅದೇ. ಎತ್ತರದ್ದು, ಎರಡು ಕದದ್ದು, ಕುದುರೆ ಮೇಲೆ ಕೂತವರೂ ದಾಟಬಹುದಾದಂಥದ್ದು. ಹಿಂದೊಬ್ಬ ಪೋಸ್ಟ್‌ಮಾಸ್ತರನ ಕಾಲಕ್ಕೆ ಕಚೇರಿಯಿಂದ ಏನೋ ಕಳೆದು, ಸಂಶಯ ಅವನ ಮನೆಮಂದಿಯ ಮೇಲೆ ಬಂದು, ಮೇಲಿನವರು ಆ ಬಾಗಿಲನ್ನು ಮುಚ್ಚಿಸಿದ್ದರು. ಅಗಳಿ ಕಚೇರಿಯ ಕಡೆ. ಅಗಳಿಯ ಮುಂದೆ ಪಾರ್ಸೆಲ್ ಇಡುವ ಕಪಾಟು. ಅಪ್ಪನಿಗಿಂತ ಮೊದಲು ಬಂದವರೆಲ್ಲ ಅದನ್ನು ಸರಿಸಿ, ಚಹಾ ತರಿಸಿ, ಊಟಕ್ಕೆ ಒಳಗೆ ಹೋಗಿ ಬರುತ್ತಿದ್ದರಂತೆ. ಅಪ್ಪ ಹಾಗಲ್ಲ. ದಿನಾ ಮುಂಜಾನೆ ಅಂಗಿ ಹಾಕಿ, ಹಿಂದಿನ ಬಾಗಿಲಲ್ಲಿ ತಲೆ ಬಗ್ಗಿಸಿ, ಮಗ್ಗುಲಿನ ಕಿರುಓಣಿಯಾದ ಬೋಳದ ಇಕ್ಕಟ್ಟಿನಲ್ಲಿ ಗೋಡೆ ಸವರಿಕೊಂಡು, ಇಡೀ ಕಟ್ಟಡ ಸುತ್ತಿ, ಮುಂದಿನ ಮೆಟ್ಟಿಲು ಹತ್ತಿ ಕಚೇರಿಗೆ ಹೋಗುತ್ತಿದ್ದ. ಮಧ್ಯಾಹ್ನದ ಊಟಕ್ಕೂ ಹಾಗೇ ಸುತ್ತಿ ಬರುತ್ತಿದ್ದ. "ನನ್ನ ಮಗ ಒಂದು ಗೋಡಿ ದಾಟಾಕ ಊರು ಸುತ್ತತಾನ" ಎಂದು ಆಯಿ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಸರಕಾರದ ಜಾಗದಲ್ಲಿ ತಾನು ಬೀಗ ಹಾಕಿ ತೆಗೆಯುವವನೇ ಹೊರತು ಇರುವವನಲ್ಲ ಎಂದು ಅವನು ಮನಸಾರೆ ನಂಬಿದ್ದ. ಮಳೆಗಾಲದಲ್ಲಿ ಹೆಂಚು ಸೋರಿದರೆ ಕಚೇರಿಯ ಕಡೆ ಸೋರಿದ್ದಕ್ಕೆ ಮಾತ್ರ ಮೇಲಿನವರಿಗೆ ಬರೆಯುತ್ತಿದ್ದ. ನಮ್ಮ ಕಡೆ ಸೋರಿದ್ದಕ್ಕೆ ಅವ್ವ ಬೋಗುಣಿ ಇಡುತ್ತಿದ್ದಳು.

ಆಯಿ ಆ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮಸೂತಿಯಲ್ಲಿ ನಮ್ಮದು ಹೊಲಮನೆ. ಅಲ್ಲಿ ಅಪ್ಪನ ತಮ್ಮ ಈರಣ್ಣ ಕಾಕಾ ಕಮತ ಮಾಡಿಕೊಂಡಿದ್ದ. ಅಜ್ಜ ತೀರಿಕೊಂಡ ಮೇಲೆ, ಹಿರಿಮಗನ ಹತ್ತಿರ ಇರುತ್ತೇನೆ ಎಂದು ಆಯಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಒಬ್ಬಳೇ ಬಂದಳು. ಬಸ್ಸು ಪೋಸ್ಟಾಫೀಸಿನ ಎದುರಿಗೇ ನಿಲ್ಲುತ್ತದೆ. ಇಳಿದವಳು ಮೂರು ಕಮಾನು ನೋಡಿ, ತನ್ನ ಮಗನ ಮನೆ ಇಷ್ಟು ದೊಡ್ಡದೇ ಎಂದು ಬೆರಗಾಗಿ, ಮೆಟ್ಟಿಲು ಹತ್ತಿ, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಟಾಂಜನದ ಮುಂದೆ ಮಂದಿ ಇದ್ದರು. ಅಪ್ಪ ಎದ್ದು ಬಂದ. ನಾನು ಸಾಲಿ ಬಿಟ್ಟು ಬರುತ್ತಿದ್ದವಳು ಅಲ್ಲೇ ರಸ್ತೆಯಲ್ಲಿ ನಿಂತಿದ್ದೆ.

"ಯವ್ವ, ಈ ಕಡೆ ಅಲ್ಲಬೇ. ಇದು ಕಚೇರಿ. ಹಿಂದ ಸುತ್ತಿ ಬಾ."

"ನಿನ್ನ ಮನಿ ಅಲ್ಲೇನೋ ಇದು?"

"ಮನಿ ಹಿಂದ ಐತಿ."

ಆಯಿ ಹೊಸ್ತಿಲ ಮೇಲಿಟ್ಟ ಕಾಲು ಹಿಂದಕ್ಕೆ ತೆಗೆದುಕೊಂಡಳು. ನಾನು ಅವಳ ಕೈ ಹಿಡಿದು ಬೋಳದಲ್ಲಿ ಕರೆದುಕೊಂಡು ಹೋದೆ. ಗೊತ್ತಿಲ್ಲದ ಬಾಗಿಲು, ಆಯಿ ಎತ್ತರದ ಹೆಂಗಸು. ಹಾಸಗಲ್ಲು ಹಣೆಗೆ ಬಡಿದು ವಿಭೂತಿಯ ಮೇಲೆ ರಕ್ತ ಬಂತು. ಅವ್ವ ಅರಿಷಿಣ ಒತ್ತುತ್ತ ಅತ್ತಳು. ಆಯಿ ಅಳಲಿಲ್ಲ. "ಇರಲಿ ಬಿಡವ್ವ, ಸರಕಾರ ಮೊದಲನೇ ದಿನಾನ ಸಿಕ್ಕಾ ಹೊಡೀತು" ಎಂದಳು. ಆ ಮೇಲೆ ಅವಳು ಆ ಮುಂದಿನ ಮೆಟ್ಟಿಲ ಕಡೆ ಹೋಗಲೇ ಇಲ್ಲ. ನಡುಬಾಗಿಲಿಗೆ ಬೆನ್ನು ಕೊಟ್ಟು ಕೂತು, ಆಚೆ ಬಂದವರ ದನಿ ಕೇಳುತ್ತಲೇ ಇವನು ಇಂಥವನು, ಇವಳಿಗೆ ಸೊಸೆ ಬಂದಿದ್ದಾಳೆ, ಇವನ ಮಗ ಸೊಲ್ಲಾಪುರದ ಗಿರಣಿಯಿಂದ ಕಾಗದ ಬರೆದಿಲ್ಲ ಎಂದು ಊರನ್ನೆಲ್ಲ ಗುರುತು ಮಾಡಿಕೊಂಡಳು. ಮುಖ ನೋಡದ ಊರು ಅವಳಿಗೆ ಬಾಯಿಪಾಠವಾಯಿತು.

ಆಮೇಲಿನ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿತು. ಬಿಸಿಲು ಬಾರದ ಮನೆ, ಹೊಗೆ ಹೋಗದ ಅಡುಗೆಮನೆ. ಎದೆಯಲ್ಲಿ ಕೂತ ಕಫ ಇಳಿಯಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದ, ರೊಟ್ಟಿ, ಝುಣಕ, ಶೇಂಗಾ ಹಿಂಡಿ. ಆಯಿ ಕೇಳಿದಳು:

"ಶಿವಪ್ಪಾ, ನಾ ಸತ್ತರ ನನ್ನ ಯಾವ ಬಾಗಲಿಂದ ಒಯ್ತಿ?"

"ಉಣ್ಣೂ ಮುಂದ ಏನಬೇ ಆ ಮಾತು?"

"ಉಣ್ಣೂ ಮುಂದ ಬಿಟ್ರ ನೀ ಎಲ್ಲಿ ಕೈಗೆ ಸಿಗ್ತಿ? ಕೇಳಿಲ್ಲೆ. ಈ ಹಿಂದಿನ ಬಾಗಲಕ್ಕ ನಾ ದಿನಾ ತಲಿ ಬಗ್ಗಿಸೇನಿ. ಸತ್ತ ಮ್ಯಾಲ ಬಗ್ಗಸಾಕ ಆಗೂದಿಲ್ಲ. ಮುಂದಿನ ಬಾಗಲಿಂದ ಒಯ್ಯಪಾ. ನೆಟ್ಟಗ ಕುಂತು ಹೋಗತೇನಿ."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಬದುಕಿದ್ದವರ ಹಾಗೆ ಕೂಡಿಸುತ್ತಾರೆ. ಕೂಡಿಸಿಯೇ ಹೊರುತ್ತಾರೆ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಮಣೆಯ ಮೇಲೆ ಕೂಡಿಸಿ ಎತ್ತಿದ ಮೈ ಆ ಹಿಂದಿನ ಬಾಗಿಲಲ್ಲಿ ದಾಟಬೇಕೆಂದರೆ ತಲೆಯನ್ನು ಮೊಣಕಾಲಿಗೆ ಮುಟ್ಟುವ ಹಾಗೆ ಮಡಚಬೇಕು. ಆಯಿ ಅದನ್ನು ಯಾವಾಗಲೋ ಅಳೆದು ನೋಡಿದ್ದಳು. ಅಪ್ಪ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, "ನೋಡೂಣು" ಎಂದ. ಅಪ್ಪನ ಬಾಯಲ್ಲಿ ನೋಡೂಣು ಅಂದರೆ ಆಗುವುದಿಲ್ಲ ಅಂತ ಅರ್ಥ. ಆಯಿಗೆ ಅದು ತಿಳಿಯದ್ದಲ್ಲ. ಅವಳನ್ನು ನೋಡಲು ಈರಣ್ಣ ಕಾಕಾ ಟ್ರ್ಯಾಕ್ಟರ್ ಮಾಡಿಕೊಂಡು ಬಂದಾಗ ಅದೇ ಮಾತನ್ನು ಅವನಿಗೂ ಹೇಳಿದಳು. ಕಾಕಾ ಅವಳ ಅಂಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು, "ಆತ ಯವ್ವ, ನಾ ಅದೇನಿ" ಎಂದ.

ಕಾಕಾ ಬಂದ ಮರುದಿನ ನಸುಕಿಗೆ ಆಯಿ ಹೋದಳು. ಅದು ಸಂತೆಯ ದಿನ. ಮೈ ತೊಳೆದು, ನಡುಬಾಗಿಲಿಗೇ ಆನಿಸಿ ಕೂಡಿಸಿದರು, ಅವಳ ಜಾಗ ಅದೇ ಅಲ್ಲವೇ. ಅಯ್ನೋರು ಬಂದು ವಿಭೂತಿ ಹಚ್ಚಿದರು. ಹೊತ್ತು ಮುಳುಗುವುದರೊಳಗೆ ಮಸೂತಿ ಮುಟ್ಟಬೇಕು, ಹೊಲದಲ್ಲಿ ಅಜ್ಜನ ಪಕ್ಕ ಕುಣಿ ತೋಡಲು ಹೇಳಿ ಕಳಿಸಿಯಾಗಿತ್ತು. ಕಚೇರಿಯ ಬೀಗದ ಕೈ ಅಪ್ಪನ ಹತ್ತಿರ, ಅವನ ಕೆಳಗಿದ್ದವನು ಹಸನಸಾಬ ಒಬ್ಬನೇ. ಅಪ್ಪ ಒದ್ದೆ ಮೈಗೆ ಅಂಗಿ ಹಾಕಿಕೊಂಡು, ಸುತ್ತಿ ಹೋಗಿ, ಕಚೇರಿ ತೆರೆದ. ನಡುಬಾಗಿಲು ತೆರೆಯಬಹುದೇ ಎಂದು ಮೇಲಿನ ಸಾಹೇಬರಿಗೆ ಫೋನ್ ಹಚ್ಚಿದ್ದು ಸಂದಿಯಿಂದ ನಮಗೆ ಕೇಳುತ್ತಿತ್ತು. "ಹೌದ್ರಿ... ನಮ್ಮ ತಾಯಿರಿ... ಹೌದ್ರಿ." ಆಮೇಲೆ ಸುತ್ತಿ ಬಂದು, ತಲೆ ಬಗ್ಗಿಸಿ ಒಳಗೆ ಬಂದ. ಕಾಕಾ ಎದ್ದು ನಿಂತ.

"ಏನಂದ್ರು?"

"ಕೆಲಸದ ಹೊತ್ತಿನ್ಯಾಗ ಜನಕ್ಕ ತೊಂದರಿ ಆಗಬಾರದು, ಮುಂದಿಂದು ನಿಮ್ಮ ಜವಾಬ್ದಾರಿ ಅಂದ್ರು."

"ಬ್ಯಾಡ ಅಂದ್ರೇನು?"

"ಬ್ಯಾಡ ಅಂದಿಲ್ಲ."

"ಮತ್ತ ತಗಿ ಬಾಗಲಾ."

"ಹೂಂ ಅಂತನೂ ಅಂದಿಲ್ಲ, ಈರಣ್ಣಾ."

"ಅಣ್ಣಾ, ಒಂದು ಕಪಾಟ ಸರಸೂದು, ಒಂದು ಅಗಳಿ ತಗಿಯೂದು. ಯವ್ವ ಹಂಗ ಎದ್ದು ಹೋಗತಾಳ."

"ಆ ಬಾಗಲ ನಂದಲ್ಲ."

"ಬಾಗಲ ನಿಂದಲ್ಲ. ಹಂಗಾರ ಈಕಿ ಯಾರಾಕಿ?"

ಅವ್ವ "ಮೈದುನಾ, ಸುಮ್ಮಾಗ್ರಿ, ಆಕಿ ಮುಂದ ಬ್ಯಾಡ" ಎಂದಳು, ಆಯಿ ಕೇಳುತ್ತಿದ್ದಾಳೆ ಅನ್ನುವ ಹಾಗೆ. ಅಷ್ಟರಲ್ಲಿ ಆಯಿಯ ಬೆನ್ನ ಹಿಂದೆ, ಆಚೆ ಕಡೆ, ಫರಸಿಯ ಮೇಲೆ ಏನೋ ಕಿರ್ರೆಂದು ಎಳೆದ ಸಪ್ಪಳವಾಯಿತು. ಹಸನಸಾಬ.

"ಸಾಹೇಬ್ರ, ಕಪಾಟ ಸರಸಾಕತ್ತೇನ್ರಿ."

ಎಲ್ಲರೂ ಅಪ್ಪನ ಮುಖ ನೋಡಿದೆವು. ನಾನೂ ನೋಡಿದೆ. ಅವನು ನಡುಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಹೂಂ ಅಂದೇಬಿಟ್ಟ ಅಂದುಕೊಂಡೆ.

"ಬ್ಯಾಡ ಹಸನಸಾಬ. ಮಂದಿ ನಿಂತಾರ. ಕೆಲಸ ನೋಡು."

ಸಪ್ಪಳ ನಿಂತಿತು. ಅಪ್ಪ ಹೊರಗೆ ಹೋದ. ಮತ್ತೆ ಕಚೇರಿಗೇ ಹೋದನೆಂದು ಕಾಕಾ ಹಲ್ಲು ಕಡಿದ. ಆದರೆ ಅಪ್ಪ ಹಿತ್ತಲಿಂದ ನೆರೆಮನೆಯವರ ಹಾರೆ ಹಿಡಿದು ಬಂದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಹಿಂದಿನ ಬಾಗಿಲ ಮೇಲೆ ಇಳಿದಿದ್ದ ಹೆಂಚುಗಳನ್ನು ಒಂದೊಂದಾಗಿ ತೆಗೆದು, ಒಡೆಯದ ಹಾಗೆ, ನನ್ನ ಕೈಗೆ ಕೊಡತೊಡಗಿದ. ಒಟ್ಟಿ ಇಡು ಅಂದ. ಸರಕಾರದ ಹೆಂಚಲ್ಲವೇ. ಆಮೇಲೆ ತೊಲೆ ಕೊಯ್ಯಿಸಿದ. ಆಮೇಲೆ ಹಾಸಗಲ್ಲಿನ ಬುಡಕ್ಕೆ ಹಾರೆ ಹಾಕಿದ. ಕಚೇರಿಯ ಬಾಗಿಲು ತೆರೆಯಲಾರದ ಮನುಷ್ಯ ಕಚೇರಿಯ ಗೋಡೆ ಒಡೆಯತೊಡಗಿದ. ಯಾವ ನಿಯಮ ಯಾವುದಕ್ಕಿಂತ ದೊಡ್ಡದೆಂದು ಅವನು ಹೇಗೆ ತೂಗಿದನೋ, ಇವತ್ತಿಗೂ ನನಗೆ ತಿಳಿದಿಲ್ಲ. ತಾಯಿಯ ತಲೆ ಬಗ್ಗಬಾರದು, ಜನರ ಕೆಲಸ ನಿಲ್ಲಬಾರದು. ನಡುವೆ ಉಳಿದದ್ದು ಕಲ್ಲು ಒಂದೇ. ಆಚೆ ಹಸನಸಾಬ ಕಾಗದಗಳಿಗೆ ಸಿಕ್ಕಾ ಹೊಡೆಯುತ್ತಿದ್ದ, ಈಚೆ ಅಪ್ಪ ಹಾರೆ ಹೊಡೆಯುತ್ತಿದ್ದ. ಸುಣ್ಣದ ಧೂಳು ಎದ್ದು ಆಯಿಯ ಮೇಲೆ ಬೀಳತೊಡಗಿತು. ಅವ್ವ ಸೆರಗು ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು ನಿಂತಳು. ನೆರೆಯವರು ಕೈ ಹಚ್ಚಿದರು. ಕಾಕಾ ಕೈ ಹಚ್ಚಲಿಲ್ಲ. ಆಯಿಯ ಪಕ್ಕ ಕೂತು ಅಣ್ಣನ ಬೆನ್ನನ್ನೇ ನೋಡುತ್ತಿದ್ದ.

"ಅಣ್ಣಾ, ಎಷ್ಟ ಎತ್ತರ ಮಾಡಿದ್ರೂ ಅದು ಹಿಂದಿನ ಬಾಗಲಾನ" ಎಂದ. ಅಪ್ಪ ಮತ್ತೆ ಹಾರೆ ಎತ್ತಿದ.

ಹಾಸಗಲ್ಲು ಬಿತ್ತು. ಬಾಗಿಲು ಇದ್ದಲ್ಲಿ ಆಕಾಶ ಕಂಡಿತು. ಆಯಿಯನ್ನು ಮಣೆಯ ಮೇಲೆ ಕೂಡಿಸಿ ಎತ್ತಿದರು. ಆ ಮನೆಯೊಳಗೆ ಅಷ್ಟು ಬಿಸಿಲು ಬಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಅದು ಅವಳ ಮುಖದ ಮೇಲೆ ಬಿತ್ತು. ನೆಟ್ಟಗೆ ಕೂತೇ ದಾಟಿದಳು. ಬೋಳದಲ್ಲಿ ಸುತ್ತಿ ರಸ್ತೆಗೆ ತಂದರು, ಟ್ರ್ಯಾಕ್ಟರ್ ಅಲ್ಲಿ ನಿಂತಿತ್ತು. ಮೂರು ಕಮಾನಿನ ಎದುರಿಗೆ ಬಂದಾಗ ಕಾಕಾ ಕೈ ಎತ್ತಿದ.

"ನಿಲ್ರಿ. ನೋಡ್ಲಿ ಆಕಿ."

ಹೊತ್ತವರು ನಿಂತರು. ಕಚೇರಿಯೊಳಗಿನ ಮಂದಿ ಮೆಟ್ಟಿಲ ಮೇಲೆ ಬಂದು ಕೈ ಮುಗಿದರು. ಆಯಿ ದನಿಯಿಂದ ಗುರುತು ಹಿಡಿದಿದ್ದವರೆಲ್ಲ ಅಲ್ಲಿದ್ದರು, ಒಬ್ಬರೂ ಮಾತಾಡಲಿಲ್ಲ. ಅವಳನ್ನು ಟ್ರಾಲಿಯಲ್ಲಿ ಕೂಡಿಸಿದರು. ಅವ್ವ, ನಾನು ಹತ್ತಿದೆವು. ಅಪ್ಪನೂ ಹತ್ತಿದ, ತಲೆ ಮೈಯೆಲ್ಲ ಸುಣ್ಣ. ಟ್ರ್ಯಾಕ್ಟರ್ ಚಾಲೂ ಆಯಿತು. ಅಷ್ಟರಲ್ಲಿ ಕಟ್ಟಡದ ಕಡೆಯಿಂದ ಮಡಿಕೆ ರಾಶಿ ಕುಸಿದಂತೆ ದೊಡ್ಡ ಸಪ್ಪಳ. ಒಂದೇ ಛಾವಣಿ ಎಂದೆನಲ್ಲ. ಬುಡದ ತೊಲೆ ಹೋದದ್ದಕ್ಕೆ ಮೇಲಿನ ಹೆಂಚುಗಳು ಜಾರತೊಡಗಿದ್ದವು. ಹಸನಸಾಬ ಓಡಿ ಬಂದ.

"ಸಾಹೇಬ್ರ, ಪಡಸಾಲಿ ಮ್ಯಾಲ ಬಯಲಾತ್ರಿ. ತಿಜೋರಿ ಮ್ಯಾಗ ಆಕಾಶ ಕಾಣಾಕತ್ತೈತ್ರಿ. ನಾ ಒಬ್ಬನ ಹೆಂಗ್ರಿ?"

ಸಂತೆಯ ದಿನ, ಊರ ತುಂಬ ಪರವೂರಿನ ಮಂದಿ. ಅಪ್ಪ ತಾಯಿಯ ಮುಖ ನೋಡಿದ. ಅವಳ ಪಾದದ ಮೇಲೆ ಹಣೆ ಇಟ್ಟು, ಎದ್ದು, ಟ್ರಾಲಿಯಿಂದ ಇಳಿದ. ಕಾಕಾ ಹಿಂದೆ ನೋಡದೆ "ಬಿಡಪಾ ಗಾಡಿ" ಎಂದು ಡ್ರೈವರನಿಗೆ ಹೇಳಿದ. ದೇವರ ಹಿಪ್ಪರಗಿಯ ದಾರಿಗೆ ತಿರುಗುವವರೆಗೂ ನಡುವಿನ ಕಮಾನಿನ ಕೆಳಗೆ ಅಪ್ಪ ನಿಂತದ್ದು ನನಗೆ ಕಾಣುತ್ತಿತ್ತು. ಬಾಗಿಲು ತೆರೆದಿದ್ದರೆ ತಾಯಿಗೆ ಒಂದು ಹಿಡಿ ಮಣ್ಣು ಹಾಕುತ್ತಿದ್ದ. ಒಡೆದದ್ದಕ್ಕೆ ಅದೂ ಹೋಯಿತು.

ಸಿಂದಗಿಯಿಂದ ಕಾವಲಿಗೆ ಜನ ಬಂದ ಮೇಲೆ, ಮರುದಿನ ಮಧ್ಯಾಹ್ನ ಅಪ್ಪ ಮಸೂತಿಗೆ ಬಂದ. ಕೂದಲಲ್ಲಿ ಸುಣ್ಣ ಹಾಗೇ ಇತ್ತು. ಅಂಗಳದಲ್ಲಿ ಹತ್ತಾರು ಮಂದಿ ಕೂತಿದ್ದರು. ಕಾಕಾ ಎದ್ದು ನೀರಿನ ತಂಬಿಗೆ ಕೊಟ್ಟ, ಬಂದವರಿಗೆಲ್ಲ ಕೊಡುವ ಹಾಗೆ.

"ಕಟ್ಟಡ ಆರಾಮ ಐತೇನಣ್ಣಾ?" ಎಂದು ಕೇಳಿದ.

ಅಣ್ಣ ತಮ್ಮ ಆಡಿದ ಕಡೆಯ ಮಾತು ಅದು. ವಿಚಾರಣೆ ಆಯಿತು, ಅಪ್ಪನಿಗೆ ಬಡ್ತಿ ನಿಂತಿತು, ಮುದ್ದೇಬಿಹಾಳದ ಕಡೆ ವರ್ಗವಾಯಿತು. ಅಲ್ಲಿಂದ ಇಂಡಿ, ಝಳಕಿ. ಎಲ್ಲ ಕಡೆ ನಮಗೆ ಬಾಡಿಗೆ ಮನೆ, ಕಚೇರಿಯಿಂದ ದೂರ. ಅಪ್ಪನೇ ಹಾಗೆ ಬೇಕೆಂದು ಹುಡುಕುತ್ತಿದ್ದ. ಅವ್ವ ಎಲ್ಲ ಮನೆಯಲ್ಲೂ ಒಲೆಯನ್ನು ಗೋಡೆಯಿಂದ ಸರಿಸಿ ಹಾಕಿದಳು. ಮದುವೆ ಮುಂಜಿಗೆ ಕಾಕಾನ ಮನೆಯಿಂದ ಅವನ ಹೆಂಡತಿ ಕಾಕು ಬರುತ್ತಿದ್ದಳು, ಕಾಕಾ ಬರುತ್ತಿರಲಿಲ್ಲ. ನನ್ನ ಮದುವೆಗೂ ಬರಲಿಲ್ಲ. ಅಪ್ಪ ಆ ದಿನದ ಬಗ್ಗೆ ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ. ನಿವೃತ್ತನಾಗಿ ಬಸವನ ಬಾಗೇವಾಡಿಯಲ್ಲಿದ್ದ. ನಾನು ತವರಿಗೆ ಹೋದಾಗ ಶೇಂಗಾ ಸುಲಿಯುತ್ತ ಕೂತಿದ್ದವನು, ನಾವು ಬೇರೇನೋ ಮಾತಾಡುತ್ತಿದ್ದಾಗ, "ಆ ಕಪಾಟ ಏನ ಅಷ್ಟ ಭಾರ ಇರಲಿಲ್ಲ" ಎಂದ. ಯಾವ ಕಪಾಟು ಎಂದು ಅವ್ವ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಕಟ್ಟಡ ಈಗಲೂ ಇದೆ. ಹಳೆಯ ಕಟ್ಟಡವೆಂದು ನೋಡಲು ಬಂದವರು ಕಮಾನುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ ಕಂಪ್ಯೂಟರ್ ಬಂದಿವೆ, ಎತ್ತರದ ಛಾವಣಿ ಕಾಣದ ಹಾಗೆ ಕೆಳಗೊಂದು ಬಿಳಿ ಹಲಗೆಯ ಛಾವಣಿ ಹಾಕಿದ್ದಾರೆ. ಕೆಲಸವಿದ್ದು ಒಮ್ಮೆ ಹೋಗಿದ್ದೆ. ಹಿಂದೆ ಯಾರೂ ಇರುವುದಿಲ್ಲವಂತೆ, ಮುರುಕು ಸಾಮಾನು ತುಂಬಿದ್ದಾರಂತೆ. ನೋಡುತ್ತೀರಾ ಎಂದು ಅಲ್ಲಿದ್ದ ಹುಡುಗಿ ಕೇಳಿದಳು. ಬೇಡ ಎಂದೆ.

ಅಪ್ಪ ಬಾಗೇವಾಡಿಯ ಮನೆಯಲ್ಲಿ ತೀರಿಕೊಂಡ. ಈರಣ್ಣ ಕಾಕಾನಿಗೆ ಯಾರು ಹೇಳಬೇಕೆಂದು ನಾವು ಮುಖ ಮುಖ ನೋಡುತ್ತಿದ್ದಾಗ ಅವನೇ ಬಂದ, ಮೊಮ್ಮಗ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದಿದ್ದ. ಒಳಗೆ ಬಂದು, ಅಣ್ಣನ ಎದುರಿಗೆ ಕೂತ. ಚಹಾ ಕೊಟ್ಟರೆ ಬೇಡ ಅಂದ. ಹೊರುವ ಹೊತ್ತಿಗೆ ಎದ್ದ. ಟ್ರಾಲಿಯಲ್ಲಿ ಅಪ್ಪನನ್ನು ಕೂಡಿಸಿದ ಮೇಲೆ, ಆ ವಯಸ್ಸಿನಲ್ಲಿ, ಯಾರ ಕೈಯನ್ನೂ ಹಿಡಿಯದೆ ತಾನೂ ಹತ್ತಿದ. ದಾರಿ ಕೆಟ್ಟದ್ದು. ಊರು ದಾಟುತ್ತಲೇ ಒಂದು ತಗ್ಗಿನಲ್ಲಿ ಗಾಲಿ ಇಳಿದು ಅಪ್ಪನ ತಲೆ ಮುಂದಕ್ಕೆ ವಾಲಿತು. ಕಾಕಾ ಅಣ್ಣನ ಪಕ್ಕಕ್ಕೆ ಸರಿದು, ಅವನ ಹಣೆಗೆ ಅಂಗೈ ಕೊಟ್ಟು ತಲೆಯನ್ನು ನೆಟ್ಟಗೆ ಮಾಡಿ ಹಿಡಿದ. ಮಸೂತಿಯ ಹೊಲ ಮುಟ್ಟುವವರೆಗೆ ಆ ಕೈ ತೆಗೆಯಲಿಲ್ಲ.